ಎದುರಾಳಿ ಓದುವುದು ನಿಮ್ಮ ಲಾಗನ್ನೇ: ಸಿಮ್ಯುಲೇಷನ್ ಫುಟ್‌ಬಾಲ್‌ನಲ್ಲಿ ದಾಳಿ ಹೆಣೆಯುವ ಬಗೆ

ಪ್ರಶ್ನೆ: ನಾನು ವಿಜಯನಗರದವನು. ದಿನಾ ನೇರಳೆ ಮಾರ್ಗದ ಮೆಟ್ರೊದಲ್ಲಿ ವೈಟ್‌ಫೀಲ್ಡ್‌ಗೆ ಓಡಾಡುವ ಐಟಿ ಉದ್ಯೋಗಿ. ಆಫೀಸಿನ ಗೆಳೆಯರೆಲ್ಲ ಸೇರಿ ಆನ್‌ಲೈನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಸಿಮ್ಯುಲೇಷನ್ ಲೀಗ್ ಆಡುತ್ತೇವೆ. ಇದರಲ್ಲಿ ಬಟನ್ ಒತ್ತಿ ಆಟಗಾರರನ್ನು ಓಡಿಸುವಂತಿಲ್ಲ. ಯಾವ ಡೌನ್‌ನಲ್ಲಿ, ಎಷ್ಟು ಯಾರ್ಡ್ ಬೇಕಿದ್ದಾಗ ಯಾವ ಪ್ಲೇ, ಅಂದರೆ ಯಾವ ನಡೆ, ಎಂದು ಪಂದ್ಯಕ್ಕೆ ಮೊದಲೇ ತುಂಬಿಡಬೇಕು. ಸರ್ವರ್ ಪಂದ್ಯ ನಡೆಸಿ ಪ್ರತಿ ಸ್ನ್ಯಾಪ್‌ನ, ಅಂದರೆ ಆಡಿದ ಪ್ರತಿ ಪ್ಲೇಯ, ಲಾಗ್ ಕೊಡುತ್ತದೆ. ರೇಟಿಂಗ್‌ನಲ್ಲಿ ನನ್ನ ತಂಡ ಲೀಗಿಗೇ ಎರಡನೆಯದು. ಸೀಸನ್ ಶುರುವಿನಲ್ಲಿ ಅಂಕ ಚೆನ್ನಾಗಿಯೇ ಬರುತ್ತಿತ್ತು, ಈಗ ಥರ್ಡ್ ಡೌನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೇನೆ. ಸರಾಸರಿ ಹೆಚ್ಚಿರುವ ಪ್ಲೇಗಳನ್ನೇ ಜಾಸ್ತಿ ಹಾಕಿದ್ದೇನೆ. ಎಸೆದ ಚೆಂಡು ಹಿಡಿಯಲು ವೇಗದ ಹೊಸ ರಿಸೀವರ್‌ನನ್ನು ತಂದು ಪಾಸ್ ಹೆಚ್ಚಿಸಿದೆ, ಇನ್ನಷ್ಟು ಕೆಟ್ಟಿತು. ಮುಂದಿನ ಎದುರಾಳಿ ಥರ್ಡ್ ಡೌನ್ ಬಂತೆಂದರೆ ಬ್ಲಿಟ್ಜ್ ಮೇಲೆ ಬ್ಲಿಟ್ಜ್ ಕಳಿಸುವವನು, ಅಂದರೆ ಚೆಂಡು ಎಸೆಯುವವನ ಮೇಲೆ ಹೆಚ್ಚುವರಿ ಆಳುಗಳನ್ನು ನುಗ್ಗಿಸುವವನು. ಮೂರು ಪಂದ್ಯಗಳ ಲಾಗ್ ಕಳಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ತಂಡ ಚೆನ್ನಾಗಿದೆ, ಆರಿಸಿದ ಪ್ಲೇಗಳೂ ಚೆನ್ನಾಗಿವೆ. ಆದರೆ ಯಾವ ಹೊತ್ತಿಗೆ ನೀವು ಏನು ಮಾಡುತ್ತೀರಿ ಎಂಬುದು ಲೀಗಿನಲ್ಲಿರುವ ಎಲ್ಲರಿಗೂ ಗೊತ್ತಾಗಿಹೋಗಿದೆ. ಸೀಸನ್ ಶುರುವಿನಲ್ಲಿ ನಡೆದದ್ದು ಈಗ ನಡೆಯದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ಆಗ ಓದಲು ಲಾಗ್ ಇರಲಿಲ್ಲ, ಈಗ ಇದೆ. ಪಂದ್ಯ ಮುಗಿದ ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ಇಡೀ ಗೇಮ್‌ಪ್ಲಾನ್ ಎಲ್ಲರ ಫೋನಿನಲ್ಲೂ ಇರುತ್ತದೆ. ಆದ್ದರಿಂದ ದಾಳಿಯನ್ನು ಯೋಜಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಪಂದ್ಯದ ಲಾಗ್ ಓದಿದವನಿಗೆ ನನ್ನ ಮುಂದಿನ ಪ್ಲೇ ಬಗ್ಗೆ ಏನು ಗೊತ್ತಾಗುತ್ತದೆ?

ಈ ಆಟದ ಪರಿಚಯವಿಲ್ಲದವರೂ ಇದನ್ನು ಓದುತ್ತಾರೆ, ಅವರಿಗಾಗಿ ನಾಲ್ಕು ಮಾತು. ಇದು ನಮ್ಮ ಆಸ್ಟಿನ್ ಟೌನ್ ಮೈದಾನದಲ್ಲಿ ಆಡುವ ಕಾಲ್ಚೆಂಡಿನಾಟವಲ್ಲ. ಎರಡೂ ಕಡೆ 11 ಮಂದಿ, 100 ಯಾರ್ಡ್ ಉದ್ದದ ಮೈದಾನ, ಎರಡೂ ತುದಿಗೆ 10 ಯಾರ್ಡ್‌ನ ಎಂಡ್ ಝೋನ್. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಚೆಂಡನ್ನು ಹಿಡಿದು ಓಡುವುದು ರನ್, ಎಸೆಯುವುದು ಪಾಸ್. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಅವನ ಬಳಿ ನಿಂತು ಚೆಂಡು ಪಡೆದು ಓಡುವವರು ಬ್ಯಾಕ್‌ಗಳು. ಚೆಂಡನ್ನು ಎಂಡ್ ಝೋನ್‌ಗೆ ಮುಟ್ಟಿಸುವ ಟಚ್‌ಡೌನ್‌ಗೆ 6 ಅಂಕ, ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಭಾನುವಾರ ರಾತ್ರಿಯ ಪಂದ್ಯ ನಮಗೆ ಸೋಮವಾರ ಬೆಳಿಗ್ಗೆ ಆರು–ಏಳರ ಆಸುಪಾಸಿಗೆ ಶುರುವಾಗುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಇದನ್ನು ನೋಡುವವರೆಲ್ಲ ಫಿಲ್ಟರ್ ಕಾಫಿಯ ಜತೆಗೇ ನೋಡುವವರು.

ಈಗ ನಿಮ್ಮ ಲಾಗ್‌ಗೆ ಬರುತ್ತೇನೆ. ಮೂರೂ ಪಂದ್ಯಗಳನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ ಡೌನ್, ಬೇಕಿದ್ದ ಯಾರ್ಡ್, ಫಾರ್ಮೇಷನ್ (ಆಟಗಾರರು ನಿಲ್ಲುವ ಜೋಡಣೆ), ರನ್ನೋ ಪಾಸೋ, ಬಂದ ಯಾರ್ಡ್ ಎಂದು ಐದು ಕಾಲಂ ಮಾಡಿದೆ. ಫಾರ್ಮೇಷನ್ ಕಾಲಂನಿಂದ ಫಿಲ್ಟರ್ ಮಾಡಿದ ಕೂಡಲೇ ಗುಟ್ಟು ರಟ್ಟಾಯಿತು. ಐ-ಫಾರ್ಮೇಷನ್‌ನಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಇಬ್ಬರು ಬ್ಯಾಕ್‌ಗಳು ಸಾಲಾಗಿ ನಿಂತಾಗ, 44 ಸ್ನ್ಯಾಪ್‌ಗಳಲ್ಲಿ 41 ರನ್. ಶಾಟ್‌ಗನ್‌ನಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್ ಹಿಂದೆ ಸರಿದು ನಿಂತಾಗ, 70ರಲ್ಲಿ 66 ಪಾಸ್. ಒಟ್ಟಾರೆ ನೋಡಿದರೆ ರನ್ 45, ಪಾಸ್ 69, ತಕ್ಕಮಟ್ಟಿಗೆ ಸಮತೋಲನದ ದಾಳಿ ಎಂದು ನಿಮಗನ್ನಿಸಿರಬಹುದು. ಆದರೆ ಎದುರಾಳಿ ಒಟ್ಟು ಲೆಕ್ಕ ನೋಡುವುದಿಲ್ಲ. ಅವನ ಡಿಫೆನ್ಸ್ ಸೆಟ್ಟಿಂಗ್‌ನಲ್ಲಿ 'ಇಬ್ಬರು ಬ್ಯಾಕ್ ಕಂಡರೆ ರನ್ ತಡೆ, ಶಾಟ್‌ಗನ್ ಕಂಡರೆ ಪಾಸ್ ತಡೆ' ಎಂದು ಎರಡು ಸಾಲು ಬರೆದರೆ ಸಾಕು, ಪ್ರತಿ ಹತ್ತರಲ್ಲಿ ಒಂಬತ್ತು ಸಲಕ್ಕಿಂತ ಹೆಚ್ಚು ಅವನ ಊಹೆ ಸರಿ. ಸ್ನ್ಯಾಪ್‌ಗೂ ಮುಂಚೆ ನಿಮ್ಮ ಜುಟ್ಟು ಅವನ ಕೈಯಲ್ಲಿರುತ್ತದೆ.

ಇದಕ್ಕೆ ನಮ್ಮ ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಅವರ ನಿಧಾನಗತಿಯ ಎಸೆತ ನೆನಪಿಸಿಕೊಳ್ಳಿ. ಆ ಎಸೆತ ಬ್ಯಾಟ್ಸ್‌ಮನ್‌ಗಳನ್ನು ಏಮಾರಿಸುತ್ತಿದ್ದುದು ಅದು ನಿಧಾನವಾಗಿತ್ತು ಎಂಬ ಕಾರಣಕ್ಕಷ್ಟೇ ಅಲ್ಲ, ವೇಗದ ಎಸೆತಕ್ಕೆ ಬರುತ್ತಿದ್ದ ಅದೇ ಓಟ, ಅದೇ ತೋಳಿನ ಬೀಸಿನಲ್ಲಿ ಬರುತ್ತಿತ್ತು ಎಂಬುದಕ್ಕೆ. ನಿಮ್ಮ ಐ-ಫಾರ್ಮೇಷನ್‌ಗೂ ಅದೇ ಬೇಕು. ಅದೇ 11 ಮಂದಿ ಅದೇ ಜಾಗದಲ್ಲಿ ನಿಂತು ಒಮ್ಮೆ ಓಡಬೇಕು, ಒಮ್ಮೆ ಎಸೆಯಬೇಕು. ಪ್ಲೇಬುಕ್‌ನಲ್ಲಿ ಹೊಸ ಹೊಸ ಫಾರ್ಮೇಷನ್ ಸೇರಿಸಿದಷ್ಟೂ ದಾಳಿ ಗೂಢವಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆಗುವುದು ಉಲ್ಟಾ. ಹತ್ತು ಫಾರ್ಮೇಷನ್‌ಗಳಿದ್ದು ಒಂದೊಂದರಿಂದ ಒಂದೊಂದೇ ಪ್ಲೇ ಬಂದರೆ ಹತ್ತು ಗುಟ್ಟನ್ನೂ ನೀವೇ ಕೂಗಿ ಹೇಳಿದಂತೆ. ಮೂರೇ ಫಾರ್ಮೇಷನ್, ಪ್ರತಿಯೊಂದರಿಂದಲೂ ರನ್, ಪಾಸ್ ಎರಡೂ ಬರುವಂತಿರಲಿ. ನಿಮ್ಮ ಲೀಗಿನ ಮಟ್ಟಕ್ಕೆ ಅಷ್ಟು ಧಾರಾಳವಾಯಿತು.

ಮುಂದಿನ ಪ್ರಶ್ನೆ, ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕು? ಇದಕ್ಕೆ ಲೆಕ್ಕವಿದೆ, ಒಮ್ಮೆ ಕೂತು ಮಾಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಉದಾಹರಣೆಗೆಂದು ನಾಲ್ಕು ಅಂಕಿ ಇಟ್ಟುಕೊಳ್ಳೋಣ. ಎದುರಾಳಿ ರನ್ ತಡೆಗೆ ನಿಂತಿದ್ದಾಗ ನೀವು ರನ್ ಮಾಡಿದರೆ 2 ಯಾರ್ಡ್, ಪಾಸ್ ಮಾಡಿದರೆ 10. ಅವನು ಪಾಸ್ ತಡೆಗೆ ನಿಂತಿದ್ದಾಗ ರನ್ ಮಾಡಿದರೆ 6, ಪಾಸ್ ಮಾಡಿದರೆ 4. ಸದಾ ಪಾಸ್ ಮಾಡುತ್ತೀರಿ ಎಂದು ಗೊತ್ತಾದರೆ ಅವನು ಸದಾ ಪಾಸ್ ತಡೆಗೆ ನಿಲ್ಲುತ್ತಾನೆ, ನಿಮಗೆ 4. ಸದಾ ರನ್ ಎಂದು ಗೊತ್ತಾದರೆ 2. ಆದರೆ ಹತ್ತರಲ್ಲಿ 6 ರನ್, 4 ಪಾಸ್ ಎಂದು ಬೆರೆಸಿ ನೋಡಿ. ಅವನು ರನ್ ತಡೆಗೆ ನಿಂತರೆ ನಿಮ್ಮ ಸರಾಸರಿ 1.2 ಮತ್ತು 4 ಸೇರಿ 5.2. ಪಾಸ್ ತಡೆಗೆ ನಿಂತರೆ 3.6 ಮತ್ತು 1.6 ಸೇರಿ ಅದೂ 5.2. ಅಂದರೆ ನಿಮ್ಮ ಪ್ರಮಾಣ ಅವನಿಗೆ ಪೂರ್ತಿ ಗೊತ್ತಿದ್ದರೂ ಅವನು ಮಾಡುವಂಥದ್ದೇನೂ ಇಲ್ಲ. ಇಂಥ ಎದುರುಬದುರು ಆಟಗಳಲ್ಲಿ ಹೀಗೊಂದು ಬೆರಕೆ ಇದ್ದೇ ಇರುತ್ತದೆ ಎಂದು 1928ರಲ್ಲೇ ಗಣಿತಜ್ಞ ಜಾನ್ ವಾನ್ ನಾಯ್ಮನ್ ಸಾಧಿಸಿ ತೋರಿಸಿದರು. ಲಾಗ್ ಎಲ್ಲರಿಗೂ ತೆರೆದಿರುವ ಲೀಗಿನಲ್ಲಿ ನಮಗೆ ಬೇಕಿರುವುದು ಇದೇ: ಓದಿದರೂ ಉಪಯೋಗಕ್ಕೆ ಬಾರದ ಲಾಗ್.

ಇದೇ ಲೆಕ್ಕದಲ್ಲಿ ನಿಮ್ಮ ಹೊಸ ರಿಸೀವರ್‌ನ ಕಥೆಯೂ ಅಡಗಿದೆ. ವೇಗದ ಆಟಗಾರ ಬಂದ, ಆದ್ದರಿಂದ ಪಾಸ್ ಹೆಚ್ಚಿಸಿದೆ ಎಂದಿರಿ. ಅವನು ಬಂದದ್ದರಿಂದ ಯಾವ ಅಂಕಿ ಬದಲಾಯಿತು ಎಂದು ನೋಡಬೇಕಿತ್ತು. ಅವನು ಬರೀ ವೇಗದವನು, ಹಿಂದೆ ಇಬ್ಬರು ಸೇಫ್ಟಿಗಳು, ಅಂದರೆ ಡಿಫೆನ್ಸ್‌ನ ಕೊನೆಯ ಕಾವಲಿನವರು, ಕಾಯುತ್ತಿದ್ದರೆ ಅವನಿಂದ ಹೆಚ್ಚೇನೂ ಆಗದು, ಆದರೆ ರನ್ ತಡೆಗೆಂದು ಸೇಫ್ಟಿ ಮುಂದೆ ಬಂದಾಗ ಒಬ್ಬನೇ ಹಿಂದೆ ನುಗ್ಗಿಬಿಡುತ್ತಾನೆ. ಹಾಗಿದ್ದರೆ ಬದಲಾಗುವುದು ಆ 10 ಎಂಬ ಅಂಕಿ ಮಾತ್ರ. ಅದು 14 ಆಯಿತು ಎನ್ನಿ. ಲೆಕ್ಕ ಮತ್ತೆ ಮಾಡಿ. ಸರಿಯಾದ ಬೆರಕೆ ಈಗ ಏಳು ಪ್ಲೇಗಳಲ್ಲಿ 5 ರನ್, 2 ಪಾಸ್. ಅಂದರೆ ಪಾಸ್ ಬಲವಾದ ಮೇಲೆ ಪಾಸ್ ಕಡಿಮೆ ಮಾಡಬೇಕು! ಓದುವಾಗ ವಿಚಿತ್ರ ಎನ್ನಿಸುತ್ತದೆ, ಆದರೆ ಯೋಚಿಸಿ ನೋಡಿ. ಆ ಆಟಗಾರನ ಹೆದರಿಕೆಗೆ ಎದುರಾಳಿ ಸೇಫ್ಟಿಗಳನ್ನು ಮುಂದೆ ತರಲಾರ, ಮುಂಭಾಗ ತೆಳುವಾಗುತ್ತದೆ, ನಿಮ್ಮ ರನ್ ತೆರೆದುಕೊಳ್ಳುತ್ತದೆ. ರಿಸೀವರ್‌ಗೆ ಕೊಟ್ಟ ಸಂಬಳದ ಫಲ ನಿಮ್ಮ ರನ್ನಿಂಗ್ ಬ್ಯಾಕ್‌ನ ಖಾತೆಯಲ್ಲಿ ಕಾಣಿಸುತ್ತದೆ. ಹಾಗಲ್ಲದೆ ಬಂದವನು ಇಕ್ಕಟ್ಟಿನಲ್ಲೂ ಚೆಂಡು ಹಿಡಿಯಬಲ್ಲ, ರೂಟ್ (ಮೊದಲೇ ಗೊತ್ತುಮಾಡಿದ ಓಟದ ದಾರಿ) ಚೊಕ್ಕವಾಗಿ ಓಡುವ ಆಟಗಾರನಾಗಿದ್ದರೆ ಆ 4 ಎಂಬ ಅಂಕಿ ಏರುತ್ತಿತ್ತು, ಆಗ ಪಾಸ್ ಹೆಚ್ಚಿಸುವುದೇ ಸರಿ. ಆಟಗಾರನನ್ನು ತರುವ ಮೊದಲು ಅವನ ಒಟ್ಟು ರೇಟಿಂಗ್‌ಗಿಂತ ಇದನ್ನು ನೋಡಿ.

ಪ್ರಮಾಣ ಗೊತ್ತಾದ ಮೇಲೆ ಅದನ್ನು ಪಾಲಿಸುವುದು ಇನ್ನೊಂದು ಕಷ್ಟ. ಮನುಷ್ಯರಿಗೆ ಅಡ್ಡಾದಿಡ್ಡಿಯಾಗಿ ಆರಿಸಲು ಬರುವುದಿಲ್ಲ. ಒಂದು ರನ್ ಸೋತರೆ ಮುಂದಿನದು ಪಾಸ್, ಒಂದು ಪಾಸ್ ಬಿದ್ದುಹೋದರೆ ಮುಂದಿನದು ರನ್ ಎಂದು ಕೈ ತಾನಾಗಿ ಹೋಗುತ್ತದೆ. ಎನ್‌ಎಫ್‌ಎಲ್ ಕೋಚ್‌ಗಳೇ ಇದರಿಂದ ಹೊರತಲ್ಲ. ಕೆನೆತ್ ಕೋವಾಶ್ ಮತ್ತು ಸ್ಟೀವನ್ ಲೆವಿಟ್ ಎಂಬ ಇಬ್ಬರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಪರ ತಂಡಗಳು ಕೂಡ ಇರಬೇಕಾದ್ದಕ್ಕಿಂತ ಹೆಚ್ಚು ಸಲ ರನ್–ಪಾಸ್ ಅದಲು ಬದಲು ಮಾಡುತ್ತವೆ, ಅದರಿಂದ ಮುಂದಿನ ಪ್ಲೇ ಊಹೆಗೆ ಸಿಗುತ್ತದೆ ಎಂದು ಕಂಡುಬಂತು. ನಿಮ್ಮ ಆಟದಲ್ಲಿ ಶೇಕಡಾವಾರು ತುಂಬುವ ಜಾಗವಿದೆಯಲ್ಲ, ಅದು ದೊಡ್ಡ ವರ. ಚೀಟಿ ಎತ್ತುವ ಕೆಲಸವನ್ನು ಸರ್ವರ್‌ಗೆ ಬಿಟ್ಟುಬಿಡಿ, ನೀವು ಪ್ರಮಾಣವನ್ನಷ್ಟೇ ಕೊಡಿ. ಪ್ಲೇಆಫ್ ಸಮಯದಲ್ಲಿ ನೇರವಾಗಿ ಕೂತು ಒಂದೊಂದೇ ಪ್ಲೇ ಆರಿಸುವ ಅವಕಾಶ ಕೊಟ್ಟರೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿ. 0ಯಿಂದ 35ರ ಒಳಗಿದ್ದರೆ ರನ್, 36ರಿಂದ 59 ಆದರೆ ಪಾಸ್. ಆರಕ್ಕೆ ನಾಲ್ಕರ ಪ್ರಮಾಣ ತಾನಾಗಿ ಬರುತ್ತದೆ, ನಿಮ್ಮ ಅಭ್ಯಾಸ ಅದರೊಳಗೆ ನುಸುಳಲಾರದು.

ಇಲ್ಲಿವರೆಗೆ ಯಾರ್ಡ್ ಸರಾಸರಿಯ ಮಾತಾಡಿದೆ. ಸರಾಸರಿ ಒಂದನ್ನೇ ನಂಬುವುದೂ ಅಪಾಯ, ನಿಮ್ಮ ಥರ್ಡ್ ಡೌನ್ ಸಂಕಟದ ಇನ್ನೊಂದು ಬೇರು ಅಲ್ಲಿದೆ. ನೀವು ಫಸ್ಟ್ ಡೌನ್‌ಗೆ ಹಾಕಿರುವ ಆಳದ ಪಾಸ್‌ನ ಸರಾಸರಿ ನಿಮ್ಮ ಲಾಗ್‌ನಲ್ಲಿ 8 ಯಾರ್ಡ್‌ಗೂ ಹೆಚ್ಚು ತೋರಿಸುತ್ತದೆ. ಆದರೆ ಸಾಲು ಸಾಲಾಗಿ ಓದಿದರೆ ಕಾಣುವುದೇ ಬೇರೆ: ಸೊನ್ನೆ, ಸೊನ್ನೆ, 38, ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದು ಹಿನ್ನಡೆ), ಸೊನ್ನೆ, ಹೀಗೆ. ನಡುವೆ 38ರಂಥ ಕೆಲವು ಬಂದದ್ದಕ್ಕೆ ಸರಾಸರಿ ಚಂದ ಕಾಣುತ್ತಿದೆ, ಉಳಿದ ಸಲವೆಲ್ಲ ಸೆಕೆಂಡ್ ಡೌನ್‌ನಲ್ಲಿ ಇನ್ನೂ 10 ಯಾರ್ಡ್ ಅಥವಾ ಹೆಚ್ಚು ಬಾಕಿ. ವಿಶ್ಲೇಷಕರು ಬಳಸುವ ಒಂದು ಒರಟು ಅಳತೆ ಇದೆ. ಬೇಕಿರುವ ಯಾರ್ಡ್‌ನಲ್ಲಿ ಫಸ್ಟ್ ಡೌನ್‌ಗೆ ಶೇ 40, ಸೆಕೆಂಡ್ ಡೌನ್‌ಗೆ ಉಳಿದದ್ದರ ಶೇ 60, ಥರ್ಡ್ ಮತ್ತು ಫೋರ್ತ್ ಡೌನ್‌ಗೆ ಪೂರ್ತಿ ಬಂದರೆ ಆ ಪ್ಲೇ ಗೆದ್ದಂತೆ, ಇಲ್ಲದಿದ್ದರೆ ಸೋತಂತೆ. ನಿಮ್ಮ ಶೀಟ್‌ಗೆ ಆರನೆಯ ಕಾಲಂ ಒಂದು ಸೇರಿಸಿ ಪ್ರತಿ ಸ್ನ್ಯಾಪ್‌ಗೆ 1 ಅಥವಾ 0 ಹಾಕುತ್ತಾ ಹೋಗಿ. ಸರಾಸರಿ 8 ಇರುವ ಪ್ಲೇ ಹತ್ತರಲ್ಲಿ ಎರಡು ಮೂರು ಸಲವಷ್ಟೇ ಗೆದ್ದಿದ್ದರೆ ಅದಕ್ಕೆ ಜಾಗವುಂಟು, ಆದರೆ ಆ ಜಾಗ ಫಸ್ಟ್ ಡೌನ್‌ನ ಮುಖ್ಯ ಸಾಲಲ್ಲ. 5 ಯಾರ್ಡ್ ಸರಾಸರಿಯ ಚಿಕ್ಕ ಪಾಸ್ ಅರ್ಧಕ್ಕರ್ಧ ಗೆಲ್ಲುತ್ತಿದ್ದರೆ ಅದೇ ನಿಮ್ಮ ಅನ್ನ.

ನಿಮ್ಮ ಮೂರು ಪಂದ್ಯಗಳ ಥರ್ಡ್ ಡೌನ್‌ಗಳನ್ನು ಬೇರೆ ಮಾಡಿ ನೋಡಿದೆ. ಬಹುಪಾಲು 7 ಯಾರ್ಡ್ ಅಥವಾ ಹೆಚ್ಚು ಬಾಕಿ ಇದ್ದಂಥವು. ಅಲ್ಲಿ ಯಾವ ಪ್ಲೇ ಹಾಕಿದರೂ ಕಷ್ಟವೇ, ಏಕೆಂದರೆ ಪಾಸ್ ಬರುತ್ತದೆ ಎಂದು ಮೈದಾನದಲ್ಲಿ ಎಲ್ಲರಿಗೂ ಗೊತ್ತು, ಮೇಲಿನ ಬೆರಕೆಯ ಲೆಕ್ಕವೇ ಅಲ್ಲಿ ಕೆಲಸ ಮಾಡುವುದಿಲ್ಲ. ಥರ್ಡ್ ಡೌನ್‌ನಲ್ಲಿ 2 ಯಾರ್ಡ್ ಬಾಕಿ ಇದ್ದರೆ ರನ್ನೂ ಆಗಬಹುದು, ಪಾಸೂ ಆಗಬಹುದು, ಎದುರಾಳಿ ಎರಡಕ್ಕೂ ಕಾಯಬೇಕು. ಥರ್ಡ್ ಡೌನ್‌ಗೆಂದು ಇನ್ನೊಂದು ಚಮತ್ಕಾರದ ಪ್ಲೇ ಹುಡುಕುವ ಹೊತ್ತನ್ನು ಫಸ್ಟ್ ಡೌನ್ ಸಾಲಿಗೆ ಕೊಡಿ. ಫಸ್ಟ್ ಡೌನ್‌ನಲ್ಲಿ ಐ-ಫಾರ್ಮೇಷನ್‌ನ ರನ್ ನಿಮಗೆ ಹೆಚ್ಚಾಗಿ 1, 2 ಯಾರ್ಡ್ ಕೊಡುತ್ತಿದೆ. ಅದು ರನ್ ಎಂದು ಎದುರಾಳಿಗೆ ಗೊತ್ತಿರುವುದೇ ಕಾರಣ. ಅಲ್ಲೇ ಅದೇ ಫಾರ್ಮೇಷನ್‌ನಿಂದ ಟೈಟ್ ಎಂಡ್‌ಗೆ (ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ಆಟಗಾರ) ಒಂದು ಚಿಕ್ಕ ಪಾಸ್, ಫುಲ್‌ಬ್ಯಾಕ್‌ಗೆ (ಇಬ್ಬರು ಬ್ಯಾಕ್‌ಗಳಲ್ಲಿ ಮುಂದೆ ನಿಲ್ಲುವವನು) ಬದಿಗೆ ಒಂದು ಪಾಸ್ ಸೇರಿಸಿ, ಎರಡೂ ಸೇರಿ ಆ ಸಾಲಿನ ಶೇ 40ರಷ್ಟಾಗಲಿ.

ಫಾರ್ಮೇಷನ್ ಓದಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಈ ಆಟದ ಚರಿತ್ರೆಯಲ್ಲೇ ಅತಿ ಹೆಚ್ಚು ಚರ್ಚೆಯಾದ ಸ್ನ್ಯಾಪ್ ಒಂದಿದೆ. 2015ರ ಫೆಬ್ರುವರಿ 1, ಅರಿಜೋನಾದ ಗ್ಲೆಂಡೇಲ್‌ನಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಸಿಯಾಟಲ್‌ಗೆ ಸೆಕೆಂಡ್ ಡೌನ್, ಗೆಲ್ಲಲು ಒಂದೇ ಯಾರ್ಡ್ ಬಾಕಿ, 26 ಸೆಕೆಂಡ್, ಒಂದು ಟೈಮ್‌ಔಟ್. ಮಾರ್ಶಾನ್ ಲಿಂಚ್‌ನಂಥ ರನ್ನಿಂಗ್ ಬ್ಯಾಕ್ ಪಕ್ಕದಲ್ಲಿದ್ದರೂ ರಸೆಲ್ ವಿಲ್ಸನ್ ಪಾಸ್ ಎಸೆದರು, ಮಾಲ್ಕಮ್ ಬಟ್ಲರ್ ನಡುವೆ ನುಗ್ಗಿ ಚೆಂಡು ಕಸಿದರು, ಪಂದ್ಯ ಮುಗಿಯಿತು. ಓಡಬೇಕಿತ್ತು, ಎಸೆದು ಹಾಳು ಮಾಡಿದರು ಎಂದು ಲೋಕವೆಲ್ಲ ಬೈದಿತು. ನನಗೆ ಆ ಬೈಗುಳ ಸರಿ ಎನ್ನಿಸುವುದಿಲ್ಲ. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ರನ್ ತಡೆದರೆ ಓಡುತ್ತಲೇ ಇರುತ್ತದೆ. ಒಂದೇ ಟೈಮ್‌ಔಟ್ ಇಟ್ಟುಕೊಂಡು ಮೂರು ಅವಕಾಶವನ್ನೂ ಬಳಸಬೇಕಾದರೆ ಅದರಲ್ಲೊಂದು ಪಾಸ್ ಆಗಲೇಬೇಕಿತ್ತು. ಸಿಯಾಟಲ್ ಸೋತದ್ದು ಬೇರೆ ಕಡೆ. ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು ನಿಂತ ಆ ಜೋಡಣೆಯನ್ನು ಪೇಟ್ರಿಯಟ್ಸ್ ಅಭ್ಯಾಸದಲ್ಲಿ ಆಡಿ ನೋಡಿದ್ದರು, ಅಭ್ಯಾಸದಲ್ಲಿ ಬಟ್ಲರ್ ಅದೇ ಪ್ಲೇಗೆ ಸೋತೂ ಇದ್ದರು. ಪಂದ್ಯದಲ್ಲಿ ಆ ಜೋಡಣೆ ಕಂಡೊಡನೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಅವರಿಗೆ ಹೊಳೆಯಿತು. ಆ ಜೋಡಣೆಯಿಂದ ಇನ್ನೊಂದು ಕಡೆಗೆ ಹೋಗುವ ರೂಟ್‌ನ ನೆನಪೂ ಬಟ್ಲರ್ ತಲೆಯಲ್ಲಿದ್ದಿದ್ದರೆ ಆ ಅರೆಕ್ಷಣದ ಮುನ್ನುಗ್ಗುವಿಕೆ ಅಷ್ಟು ಸಲೀಸಾಗುತ್ತಿರಲಿಲ್ಲ.

ಈಗ ಶೀಟ್ ತುಂಬುವ ಕೆಲಸ. ಆಟಗಾರರ ಗುಂಪನ್ನು ಎರಡಂಕಿಯಲ್ಲಿ ಹೇಳುವ ರೂಢಿ ನಿಮಗೆ ಗೊತ್ತಿರಬಹುದು. ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳು, ಎರಡನೆಯದು ಟೈಟ್ ಎಂಡ್‌ಗಳು, ಐವರಲ್ಲಿ ಉಳಿದವರು ವೈಡ್ ರಿಸೀವರ್‌ಗಳು. 11 ಎಂದರೆ ಒಬ್ಬ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್. 12 ಎಂದರೆ ಒಬ್ಬ ಬ್ಯಾಕ್, ಇಬ್ಬರು ಟೈಟ್ ಎಂಡ್, ಇಬ್ಬರು ರಿಸೀವರ್. ಡಿಫೆನ್ಸ್ ಸಾಮಾನ್ಯವಾಗಿ ಈ ಗುಂಪಿಗೆ ತಕ್ಕಂತೆ ತನ್ನ ಆಟಗಾರರನ್ನು ಬದಲಿಸುತ್ತದೆ. ಮೂವರು ರಿಸೀವರ್ ಬಂದರೆ ಅವನು ಐದನೆಯ ಡಿಫೆನ್ಸಿವ್ ಬ್ಯಾಕ್‌ನನ್ನು ಇಳಿಸುತ್ತಾನೆ, ಅದಕ್ಕೆ ನಿಕಲ್ ಎನ್ನುತ್ತಾರೆ. ಆಗ ಮುಂಭಾಗದಲ್ಲಿ ದಪ್ಪ ಆಳುಗಳು ಕಡಿಮೆ. ನಿಮ್ಮ ಶಾಟ್‌ಗನ್ ಬಹುತೇಕ 11ರ ಗುಂಪಿನದು, ಲಾಗ್‌ನಲ್ಲಿ ಅದರ ಎದುರು ಬಂದದ್ದೆಲ್ಲ ನಿಕಲ್, ಆದರೂ ಅಲ್ಲಿಂದ ನೀವು ರನ್ ಮಾಡಿದ್ದು ನಾಲ್ಕೇ ಸಲ, ನಾಲ್ಕೂ ಸಲ 5 ಯಾರ್ಡ್ ದಾಟಿದೆ! ನಾಲ್ಕು ಸಲದ ಅಂಕಿಯ ಮೇಲೆ ಮನೆ ಕಟ್ಟಲಾಗದು, ಆದರೆ ಬಾಗಿಲು ತೆರೆದಿದೆ ಎಂಬ ಸುಳಿವಂತೂ ಹೌದು. ಶಾಟ್‌ಗನ್‌ನಿಂದ ರನ್ ಅನ್ನು ಫಸ್ಟ್ ಮತ್ತು ಸೆಕೆಂಡ್ ಡೌನ್‌ನಲ್ಲಿ ಮೂರರಲ್ಲಿ ಒಂದಕ್ಕೆ ಏರಿಸಿ. 12ರ ಗುಂಪು ನಿಮ್ಮ ಪ್ಲೇಬುಕ್‌ನಲ್ಲಿ ಇದ್ದೂ ಬಳಸಿಲ್ಲ, ನಿಮ್ಮ ಟೈಟ್ ಎಂಡ್‌ಗಳಿಬ್ಬರೂ ಬ್ಲಾಕ್ ಮಾಡಬಲ್ಲರು, ಹಿಡಿಯಬಲ್ಲರು. ಐ-ಫಾರ್ಮೇಷನ್‌ನ ಅರ್ಧದಷ್ಟು ಸ್ನ್ಯಾಪ್ ಅದಕ್ಕೆ ಕೊಡಿ. ಅವರಿಬ್ಬರು ನಿಂತಾಗ ಎದುರಾಳಿಗೆ ದಪ್ಪ ಗುಂಪು ಇಳಿಸಲೋ ತೆಳು ಗುಂಪು ಇಳಿಸಲೋ ತಿಳಿಯುವುದಿಲ್ಲ.

ಮೈದಾನದ ಜಾಗವನ್ನೂ ಶೀಟ್‌ನಲ್ಲಿ ಬೇರೆ ಬೇರೆ ಮಾಡಿ. ನಿಮ್ಮದೇ ಗೋಲ್ ಗೆರೆಯ ಹತ್ತಿರ ಚೆಂಡು ಕೈಯಲ್ಲಿರುವುದು ಲಾಭವೇ ಅಲ್ಲ. ಸಿನ್ಸಿನಾಟಿ ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್, ರಾಬರ್ಟ್ ಮಾಕಲ್ ಜತೆಗೂಡಿ 1971ರಲ್ಲಿ ಮೈದಾನದ ಒಂದೊಂದು ಜಾಗದಲ್ಲಿ ಚೆಂಡಿಗೆಷ್ಟು ಬೆಲೆ ಎಂದು ಅಂಕಗಳಲ್ಲಿ ಲೆಕ್ಕ ಹಾಕಿದಾಗ ಅಲ್ಲಿ ಬಂದದ್ದು ಮೈನಸ್. ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಒಬ್ಬರು ಇಂಥ ಕೆಲಸ ಮಾಡಿದ್ದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ನಿಮ್ಮ ಗೋಲ್ ಗೆರೆಯ ಹತ್ತಿರ ಆಳದ ಪಾಸ್ ಬೇಡ, ನಿಮ್ಮದೇ ಎಂಡ್ ಝೋನ್‌ನಲ್ಲಿ ಸ್ಯಾಕ್ ಆದರೆ (ಇದಕ್ಕೂ ಸೇಫ್ಟಿ ಎಂದೇ ಹೆಸರು) ಎದುರಾಳಿಗೆ 2 ಅಂಕ ಹೋದೀತು. ಎದುರಾಳಿಯ ಕೊನೆಯ 20 ಯಾರ್ಡ್‌ನಲ್ಲಿ, ಅಂದರೆ ರೆಡ್ ಝೋನ್‌ನಲ್ಲಿ, ಹಿಂದೆ ಜಾಗವೇ ಇರುವುದಿಲ್ಲ. ನಿಮ್ಮ ವೇಗದ ರಿಸೀವರ್ ಅಲ್ಲಿ ಸಾಮಾನ್ಯ ಆಟಗಾರ, ಎತ್ತರದ ಟೈಟ್ ಎಂಡ್ ರಾಜ. ನಿಮ್ಮ ಶೀಟ್‌ನಲ್ಲಿ ನಡುಮೈದಾನಕ್ಕೂ ರೆಡ್ ಝೋನ್‌ಗೂ ಒಂದೇ ಸಾಲು ಇದೆ, ಅದನ್ನು ಇಂದೇ ಬೇರೆ ಮಾಡಿ.

ಫೋರ್ತ್ ಡೌನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಡುಗೆರೆ ದಾಟಿದ ಮೇಲೂ ಫೋರ್ತ್ ಡೌನ್‌ಗೆ 1 ಯಾರ್ಡ್ ಬಾಕಿ ಇದ್ದಾಗ ನೀವು ಪಂಟ್ ಮಾಡಿದ್ದೀರಿ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಿದ್ದೀರಿ. ಬರ್ಕ್‌ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೇ ತಂಡಗಳು ಅಗತ್ಯಕ್ಕಿಂತ ಹೆಚ್ಚು ಸಲ ಒದ್ದು ಚೆಂಡು ಬಿಟ್ಟುಕೊಡುತ್ತವೆ ಎಂಬುದು. ಎನ್‌ಎಫ್‌ಎಲ್ ತಂಡಗಳೂ ಈಚಿನ ವರ್ಷಗಳಲ್ಲಿ ಒದೆಯುವ ಬದಲು ಹೆಚ್ಚು ಸಲ ಆಡತೊಡಗಿವೆ. ನಡುಗೆರೆಯ ಆಚೆ 1 ಅಥವಾ 2 ಯಾರ್ಡ್ ಬಾಕಿಯಿದ್ದರೆ ಆಡಿ. ಆಡುತ್ತೇನೆ ಎಂದು ಮೊದಲೇ ಗಟ್ಟಿಯಾದರೆ ಥರ್ಡ್ ಡೌನ್‌ನ ಶೀಟೇ ಬದಲಾಗುತ್ತದೆ. ಥರ್ಡ್ ಡೌನ್‌ಗೆ 5 ಬಾಕಿ ಇದ್ದಾಗ ಐದನ್ನೂ ಒಂದೇ ಸಲ ಪಡೆಯಬೇಕಿಲ್ಲ, 4 ಬಂದರೂ ಸಾಕು, ಹಾಗಾಗಿ ರನ್‌ಗೂ ಅಲ್ಲಿ ಬೆಲೆ ಬರುತ್ತದೆ, ಎದುರಾಳಿ ಪಾಸ್ ಎಂದೇ ಕೂರುವಂತಿಲ್ಲ. ಫೀಲ್ಡ್ ಗೋಲ್ ದೂರದ ಲೆಕ್ಕಕ್ಕೆ ಚೆಂಡಿರುವ ಯಾರ್ಡ್‌ಗೆ 17 ಅಥವಾ 18 ಸೇರಿಸಿ: ಎಂಡ್ ಝೋನ್‌ನ 10, ಹಿಂದಕ್ಕೆ ಕೊಟ್ಟು ನಿಲ್ಲಿಸುವ 7–8. ನಿಮ್ಮ ಕಿಕ್ಕರ್ 45 ಯಾರ್ಡ್‌ವರೆಗೆ ನಂಬಿಗಸ್ತ ಎಂದಾದರೆ ಎದುರಾಳಿಯ 27ರ ಗೆರೆ ನಿಮ್ಮ ಗಡಿ.

ಮುನ್ನಡೆಯಲ್ಲಿದ್ದಾಗ ಆ ಗಡಿಯೊಳಗೆ ಬಂದಮೇಲೆ ಸ್ಯಾಕ್‌ಗೆ ಆಸ್ಪದವಿರುವ ಪ್ಲೇ ತೆಗೆದುಬಿಡಿ. 2017ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28–20ರ ಮುನ್ನಡೆಯಲ್ಲಿ, ಐದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ, ಎದುರಾಳಿಯ 22ರ ಗೆರೆಯಲ್ಲಿತ್ತು. ಒಂದು ಫೀಲ್ಡ್ ಗೋಲ್ ಹೊಡೆದರೆ 31–20. ಒಂದು ರನ್ ಆಡಿ, ಆಮೇಲೆ ಪಾಸ್‌ಗೆ ಹೋಗಿ 12 ಯಾರ್ಡ್ ಸ್ಯಾಕ್ ತಿಂದು, ಅದರ ಮುಂದಿನ ಪ್ಲೇನಲ್ಲಿ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದೆಳೆದ ತಪ್ಪು) ದಂಡವನ್ನೂ ತೆತ್ತು, ಕೊನೆಗೆ ಪಂಟ್ ಮಾಡಬೇಕಾಯಿತು. ಪೇಟ್ರಿಯಟ್ಸ್ ಸಮ ಮಾಡಿ ಓವರ್‌ಟೈಮ್‌ನಲ್ಲಿ 34–28ಕ್ಕೆ ಗೆದ್ದರು.

ಮೊದಲ ಕೆಲವು ಪ್ಲೇಗಳನ್ನು ಸಾಲಾಗಿ ಬರೆದಿಡುವ ಸೌಲಭ್ಯ ನಿಮ್ಮ ಆಟದಲ್ಲಿದ್ದರೆ ಬಳಸಿ. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡಕ್ಕೆ ಮೂರು ಸೂಪರ್ ಬೌಲ್ ಗೆದ್ದುಕೊಟ್ಟ ಕೋಚ್ ಬಿಲ್ ವಾಲ್ಶ್ ಪಂದ್ಯದ ಆರಂಭದ 15ರಿಂದ 25 ಪ್ಲೇಗಳನ್ನು ಮೊದಲೇ ಬರೆದಿಡುತ್ತಿದ್ದರು. ಸಮಾಧಾನದಲ್ಲಿ ಕೂತು ಯೋಚಿಸಿದ್ದು ಗದ್ದಲದಲ್ಲಿ ಹೊಳೆದದ್ದಕ್ಕಿಂತ ಮೇಲು ಎಂಬುದು ಒಂದು ಕಾರಣ. ತನ್ನ ಒಂದೊಂದು ಫಾರ್ಮೇಷನ್‌ಗೆ ಎದುರಾಳಿ ಹೇಗೆ ನಿಲ್ಲುತ್ತಾನೆ ಎಂದು ಬೇಗ ನೋಡಿಕೊಳ್ಳುವುದು ಇನ್ನೊಂದು. ಮಧ್ಯಂತರದಲ್ಲಿ ಪ್ಲಾನ್ ತಿದ್ದಲು ನಿಮಗೆ ಅವಕಾಶವಿರುವುದರಿಂದ ಎರಡನೆಯ ಕಾರಣ ನಿಮಗೂ ಅನ್ವಯಿಸುತ್ತದೆ. ಮೂರೂ ಫಾರ್ಮೇಷನ್ ಮೊದಲ ಹನ್ನೆರಡು ಸ್ನ್ಯಾಪ್‌ಗಳಲ್ಲಿ ಬಂದುಹೋಗಲಿ.

ಒಂದು ಎಚ್ಚರಿಕೆ. ಇದು ಕೋಡ್‌ನಲ್ಲಿ ನಡೆಯುವ ಆಟ. ನಿಜವಾದ ಫುಟ್‌ಬಾಲ್‌ನಲ್ಲಿ ಪ್ಲೇ-ಆ್ಯಕ್ಷನ್, ಅಂದರೆ ರನ್ ಕೊಟ್ಟಂತೆ ನಟಿಸಿ ಎಸೆಯುವುದು, ಫಲ ಕೊಡಬೇಕಾದರೆ ಮೊದಲು ಬಹಳ ರನ್ ಮಾಡಿರಬೇಕು ಎಂಬ ಹಳೆಯ ನಂಬಿಕೆಗೆ ಅಂಕಿ–ಅಂಶದ ಬೆಂಬಲ ಸಿಕ್ಕಿಲ್ಲ. ಆದರೆ ನಿಮ್ಮ ಆಟದ ಎಂಜಿನ್ ಬರೆದವರು ಆ ನಂಬಿಕೆಯನ್ನೇ ಕೋಡ್‌ಗೆ ಇಳಿಸಿರಬಹುದು. ಒಂದೇ ಪ್ಲೇಯನ್ನು ಪದೇ ಪದೇ ಕರೆದರೆ ಅದರ ಫಲ ತಗ್ಗಿಸುವ ಎಂಜಿನ್‌ಗಳೂ ಇವೆ. ಅಭ್ಯಾಸ ಪಂದ್ಯದ ಸೌಲಭ್ಯದಲ್ಲಿ ಒಂದೇ ತಂಡದ ವಿರುದ್ಧ ರನ್ ಪ್ರಮಾಣ ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು, ಪ್ಲೇ-ಆ್ಯಕ್ಷನ್ ಫಲ ಬದಲಾಗುತ್ತದೆಯೇ ನೋಡಿ. ನೀವು ಐಟಿಯವರು, ಈ ಪರೀಕ್ಷೆ ಹೇಗೆ ಮಾಡಬೇಕೆಂದು ನಾನು ಹೇಳಿಕೊಡಬೇಕಿಲ್ಲ.

ಕೊನೆಗೆ ನಿಮ್ಮ ಬ್ಲಿಟ್ಜ್ ಎದುರಾಳಿ. ಐದಾರು ಮಂದಿಯನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ಬಿಟ್ಟರೆ ಹಿಂದೆ ಕಾಯುವವರು ಐದಾರೇ ಮಂದಿ ಉಳಿಯುತ್ತಾರೆ. ಅವನನ್ನು ನೇರವಾಗಿ ತಡೆದು ನಿಲ್ಲುವುದಕ್ಕಿಂತ ಒಳಗೆ ಬರಲು ಬಿಟ್ಟು ಅವನ ಬೆನ್ನ ಹಿಂದಿನ ಜಾಗಕ್ಕೆ ಚೆಂಡು ಕಳಿಸುವುದು ಲಾಭ. ಥರ್ಡ್ ಡೌನ್‌ಗೆ 7 ಅಥವಾ ಹೆಚ್ಚು ಬಾಕಿಯಿರುವ ಸಾಲಿನಲ್ಲಿ ಈಗ ನಿಮ್ಮದು ನಾಲ್ಕೂ ಆಳದ ಪಾಸ್. ಅದರಲ್ಲಿ ಎರಡು ತೆಗೆಯಿರಿ. ಒಂದರ ಜಾಗಕ್ಕೆ ಸ್ಕ್ರೀನ್ ಪಾಸ್, ಅಂದರೆ ನುಗ್ಗುವವರನ್ನು ಒಳಬಿಟ್ಟು ಅವರ ಬೆನ್ನ ಹಿಂದೆ ಕೊಡುವ ಚಿಕ್ಕ ಪಾಸ್, ಇನ್ನೊಂದರ ಜಾಗಕ್ಕೆ ಶಾಟ್‌ಗನ್‌ನಿಂದಲೇ ಡ್ರಾ, ಅಂದರೆ ಪಾಸ್‌ನಂತೆ ತೋರಿಸಿ ಕೊಡುವ ರನ್. ಉಳಿದ ಎರಡರಲ್ಲಿ ಒಂದಕ್ಕೆ ಬ್ಯಾಕ್ ಮತ್ತು ಟೈಟ್ ಎಂಡ್ ಇಬ್ಬರನ್ನೂ ರಕ್ಷಣೆಗೆ ಉಳಿಸಿ, ಏಳು ಮಂದಿ ಕಾಯುವಾಗ ಮೂವರೇ ರೂಟ್ ಓಡಲಿ, ಅದರಲ್ಲೊಬ್ಬ ನಿಮ್ಮ ವೇಗದವನು. ಇನ್ನೊಂದು ಹಾಗೇ ಇರಲಿ. ನಾಲ್ಕೂ ಒಂದೇ ಶಾಟ್‌ಗನ್ ಜೋಡಣೆಯಿಂದ ಬರಬೇಕು, ಪ್ರಮಾಣ ಸ್ಕ್ರೀನ್ 30, ಡ್ರಾ 15, ಏಳು ಮಂದಿ ರಕ್ಷಣೆಯ ಪಾಸ್ 35, ಹಳೆಯದು 20. ಮಧ್ಯಂತರದ ಹೊತ್ತಿಗೆ ಅವನು ಬ್ಲಿಟ್ಜ್ ನಿಲ್ಲಿಸಿ ಹಿಂದಕ್ಕೆ ಸರಿದಿದ್ದರೆ ಸ್ಕ್ರೀನ್ ಅನ್ನು 10ಕ್ಕೆ ಇಳಿಸಿ ಆ 20ನ್ನು ಮಧ್ಯಮ ದೂರದ ಪಾಸ್‌ಗೆ ಕೊಡಿ. ಅವನು ನಿಲ್ಲಿಸದೇ ಬರುತ್ತಲೇ ಇದ್ದರೆ ಏನನ್ನೂ ಮುಟ್ಟಬೇಡಿ. ಪಂದ್ಯ ಮುಗಿದ ಮೇಲೆ ಆ ಲಾಗ್ ಕಳಿಸಿ, ಫಸ್ಟ್ ಡೌನ್‌ನ ಗೆಲುವಿನ ಕಾಲಂ ಮೊದಲು ನೋಡೋಣ.